ಪೇಟೆಯೊಳಗೊಂದು ಪ್ರದಕ್ಷಿಣೆ

ಊರನ್ನು ಅರಿಯುವುದಕ್ಕೆ ಬಗೆಬಗೆಯ ಸಾಧನಗಳುಂಟು. ನಕ್ಷೆಯನ್ನು ಹರಡಿಕೊಂಡು ಅರಿಯಬಹುದು. ಗೆಜೆಟಿಯರನ್ನು ತಿರುವಿಹಾಕಿ ಅರಿಯಬಹುದು. ಈಗಿನ ಕಾಲದಲ್ಲಿ ಅಂಗೈಯಗಲದ ಗಾಜಿನ ಮೇಲೆ ಬೆರಳಾಡಿಸಿ, ಮನೆಯ ಮೆಟ್ಟಿಲಿಳಿಯದೆಯೇ ಅರಿತೆನೆಂದು ಹೇಳಿಕೊಳ್ಳಲೂಬಹುದು. ಇವೆಲ್ಲಕ್ಕಿಂತ ಹಳೆಯದಾದ ಸಾಧನವೊಂದಿದೆ. ಅದು ನಮ್ಮ ಕಾಲು. ನಮ್ಮ ಹಿರಿಯರು ದೇವರನ್ನು ಕಣ್ತುಂಬ ಕಂಡ ಮೇಲೂ ಗುಡಿಯನ್ನು ಒಂದು ಸುತ್ತು ಬಾರದೆ ಮನೆಗೆ ಹಿಂದಿರುಗುತ್ತಿರಲಿಲ್ಲ. ಎದುರು ನಿಂತು ಕಂಡದ್ದು ಅರ್ಧ, ಸುತ್ತಿ ಬಂದು ಕಂಡದ್ದು ಪೂರ್ಣ ಎಂಬ ತಿಳಿವಳಿಕೆ ಪ್ರದಕ್ಷಿಣೆಯ ಹಿಂದೆ ಇದ್ದಿರಬೇಕು. ಊರುಗಳ ವಿಷಯದಲ್ಲಿಯೂ ಈ ಮಾತು ಸಲ್ಲುವುದೆಂದು ನನಗೆ ತೋರುತ್ತದೆ.

ಮಾರ್ಗದರ್ಶಕನೊಬ್ಬನನ್ನು ಮುಂದಿಟ್ಟುಕೊಂಡು ಹಳೆಯ ಪೇಟೆಗಳನ್ನೂ ಅಲ್ಲಿಯ ಪುಣ್ಯಸ್ಥಳಗಳನ್ನೂ ಕಾಲುನಡಿಗೆಯಲ್ಲಿ ನೋಡಿಬರುವ ಪದ್ಧತಿ ಇಂದು ನಮ್ಮ ದೇಶದ ದೊಡ್ಡ ನಗರಗಳಲ್ಲೆಲ್ಲ ಬಳಕೆಗೆ ಬಂದಿದೆ. ದೆಹಲಿಯ ಚಾಂದನಿ ಚೌಕದಲ್ಲಿ ನಡೆದರೆ ಒಂದೇ ಬೀದಿಯ ಉದ್ದಕ್ಕೆ ಜೈನರ ಲಾಲ್ ಮಂದಿರ, ಗೌರೀಶಂಕರನ ಗುಡಿ, ಸೀಸ್‌ಗಂಜ್ ಗುರುದ್ವಾರ, ತುದಿಯಲ್ಲಿ ಫತೇಪುರಿ ಮಸೀದಿ ಎದುರಾಗುವುವು; ನಡುವೆ ಇರುವುದೆಲ್ಲ ಅಂಗಡಿ. ಮಧುರೆಯಲ್ಲಿ ಮೀನಾಕ್ಷಿಯ ಗುಡಿಯನ್ನು ಸುತ್ತಿಕೊಂಡಿರುವ ಬೀದಿಗಳಿಗೆ ತಿಂಗಳುಗಳ ಹೆಸರುಗಳಿವೆ. ಆ ಬೀದಿಗಳೇ ಪೇಟೆ, ಆ ಬೀದಿಗಳೇ ರಥಬೀದಿ. ಪೇಟೆಯೂ ಗುಡಿಯೂ ಹೀಗೆ ಅಕ್ಕಪಕ್ಕದಲ್ಲಿರುವುದು ಆಕಸ್ಮಿಕವೆಂದು ತಿಳಿಯಬಾರದು. ದೇವರಿಗೆ ಹೂವು ಬೇಕು, ಎಣ್ಣೆ ಬೇಕು, ಬಟ್ಟೆ ಬೇಕು, ಅಕ್ಕಿ ಬೇಕು. ವ್ಯಾಪಾರಿಗೆ ಜನ ಸೇರುವ ಉತ್ಸವ ಬೇಕು, ನೆರಳು ನೀರು ಬೇಕು, ಆಡಿದ ಮಾತಿಗೆ ಸಾಕ್ಷಿ ಬೇಕು. ಅಯ್ಯಾವೊಳೆಯ ಐನೂರ್ವರೆಂಬ ಬಣಂಜಿಗರ ಸಂಘ ದೇವಾಲಯಗಳಿಗೆ ಬಿಟ್ಟ ದತ್ತಿಗಳನ್ನು ನಮ್ಮ ಶಾಸನಗಳು ಮತ್ತೆ ಮತ್ತೆ ಹೇಳುತ್ತವೆ. ಹೇರಿಗಿಷ್ಟು ಎಲೆ, ಗಾಣಕ್ಕಿಷ್ಟು ಎಣ್ಣೆ ಎಂದು ಕಲ್ಲಿನಲ್ಲಿ ಕೊರೆಯಿಸಿದವರು ಕವಿಗಳಲ್ಲ, ವರ್ತಕರು. ಸಂತೆಯ ಲೆಕ್ಕವೂ ದೇವರ ದೀಪವೂ ಒಂದೇ ಕಲ್ಲಿನ ಮೇಲೆ ಕೂಡಿ ಬಾಳಿದುದು ನಮ್ಮ ನಾಡಿನ ರೀತಿ.

ಈ ರೀತಿಯನ್ನು ಪುಸ್ತಕದಿಂದ ಬೋಧಿಸುವುದಕ್ಕಿಂತ ಬೀದಿಯಲ್ಲಿ ತೋರಿಸುವುದು ಮೇಲೆಂದು, ಕಳೆದ ಚಳಿಗಾಲದ ಒಂದು ಭಾನುವಾರ ನಮ್ಮ ತರಗತಿಯ ಹದಿನಾಲ್ಕು ಮಂದಿ ವಿದ್ಯಾರ್ಥಿಗಳೊಡನೆ ಬೆಂಗಳೂರಿನ ಹಳೆಯ ಪೇಟೆಯ ಸುತ್ತಾಟಕ್ಕೆ ಹೊರಟೆ. ನಮ್ಮ ಮಾರ್ಗದರ್ಶಕ ಪೇಟೆಯಲ್ಲಿಯೇ ಹುಟ್ಟಿ ಬೆಳೆದ ತರುಣ. ಇಂಥ ನಡಿಗೆಗಳನ್ನು ನಡೆಸುವುದೇ ಅವನ ವೃತ್ತಿ. ಪರದೇಶದವರಿಗೆ ಇಂಗ್ಲಿಷಿನಲ್ಲಿ ಹೇಳಿ ಅಭ್ಯಾಸವಾಗಿದ್ದ ಕಥೆಯನ್ನು ಅಂದು ಅವನು ಕನ್ನಡದಲ್ಲಿ ಹೇಳಬೇಕಾಗಿತ್ತು. ಮೊದಮೊದಲು ತಡವರಿಸಿದರೂ ಹೂವಿನ ಅಂಗಡಿಯಲ್ಲಿ ತೆಲುಗು, ಮಸೀದಿಯ ಬಳಿ ಉರ್ದು, ಬಟ್ಟೆಯ ಮಳಿಗೆಯಲ್ಲಿ ಹಿಂದಿ, ನಮ್ಮೊಡನೆ ಕನ್ನಡ ಎಂದು ಅವನು ನಾಲಗೆಯನ್ನು ಬದಲಿಸುತ್ತ ಹೋದುದನ್ನು ಕಂಡಾಗ, ಪೇಟೆಯ ಮೊದಲ ಪಾಠ ಅವನ ವಿವರಣೆಯಲ್ಲಿಲ್ಲ, ಅವನಲ್ಲಿಯೇ ಇದೆ ಎನ್ನಿಸಿತು.

ಹೂವಿನ ಅಂಗಳ

ಕೃಷ್ಣರಾಜೇಂದ್ರ ಮಾರುಕಟ್ಟೆಯನ್ನು ನೋಡಬೇಕಾದರೆ ಸೂರ್ಯನಿಗಿಂತ ಮುಂಚೆ ಏಳಬೇಕು. ನಾವು ತಲಪುವ ವೇಳೆಗೆ ಇನ್ನೂ ಬೆಳಕು ಹರಿದಿರಲಿಲ್ಲ. ಆದರೆ ವ್ಯಾಪಾರ ಅರ್ಧ ಮುಗಿದಿತ್ತು. ಕೋಲಾರ, ಚಿಕ್ಕಬಳ್ಳಾಪುರ, ಹೊಸೂರು, ಆನೇಕಲ್ಲುಗಳ ಕಡೆಯಿಂದ ಬಂದ ಮೂಟೆಗಳು ಬಿಚ್ಚಿಕೊಂಡು ಸೇವಂತಿಗೆ ರಾಶಿಯಾಗಿ, ಗುಲಾಬಿ ಗುಡ್ಡೆಯಾಗಿ, ಕನಕಾಂಬರ ಕೆಂಡದಂತೆ, ಸುಗಂಧರಾಜ ಬೆಳ್ದಿಂಗಳಂತೆ ಬಿದ್ದಿದ್ದುವು. ಮರುಗ ದವನಗಳ ಕಂಪು ಒಂದು ಕಡೆ. ಕೊಳೆತ ಎಲೆ, ಕೆಸರು, ಬೆವರುಗಳ ನಾತ ಇನ್ನೊಂದು ಕಡೆ. ಎರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳುತ್ತೇನೆನ್ನುವವನು ಮಾರುಕಟ್ಟೆಗೆ ಬಾರದಿರುವುದು ಒಳ್ಳೆಯದು. ತಲೆಯ ಮೇಲೆ ಮೂಟೆ ಹೊತ್ತವರು ‘ದಾರಿ, ದಾರಿ’ ಎಂದು ಕೂಗುತ್ತ ಓಡುವಾಗ ನಿಂತು ಸೌಂದರ್ಯವನ್ನು ಸವಿಯುವ ಪ್ರೇಕ್ಷಕನಿಗೆ ಅಲ್ಲಿ ಎಡೆಯಿಲ್ಲ. ಇದು ಪ್ರದರ್ಶನವಲ್ಲ, ಜೀವನೋಪಾಯ ಎಂಬುದನ್ನು ಮೂಟೆ ಹೊತ್ತವನ ಮೊಣಕೈ ನಮಗೆ ಬಹು ಬೇಗ ತಿಳಿಸುವುದು.

ಈ ಜಾಗ ಒಂದು ಕಾಲಕ್ಕೆ ಸಿದ್ಧಿಕಟ್ಟೆಯೆಂಬ ಕೆರೆಯಾಗಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರು ಹೊತ್ತ ಮಾರುಕಟ್ಟೆಯ ಕಟ್ಟಡ 1928ರಲ್ಲಿ ಎದ್ದಿತು. ಅದಕ್ಕೂ ಮುಂಚೆ, 1905ರ ಆಗಸ್ಟಿನಲ್ಲಿ, ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪ ಮೊದಲು ಹೊತ್ತಿದ್ದು ಈ ಸುತ್ತಿನಲ್ಲಿ. 2017ರಲ್ಲಿ ನೆಲದೊಳಗಿನ ಮೆಟ್ರೋ ನಿಲ್ದಾಣವೂ ಇದೇ ಹೆಸರಿನಿಂದ ತೆರೆಯಿತು. ಹೊಸ ಬೆಳಕುಗಳೆಲ್ಲ ಬಂದು ಹೋದರೂ ಇಲ್ಲಿ ಹಳೆಯ ಅಳತೆಯೊಂದು ಹಾಗೆಯೇ ಉಳಿದಿದೆ. ಬಿಡಿ ಹೂವನ್ನು ಕಿಲೋಗ್ರಾಮಿನಲ್ಲಿ ತೂಗುವರು. ಕಟ್ಟಿದ ಹೂವನ್ನು ಮೊಳದಲ್ಲಿ, ಮಾರಿನಲ್ಲಿ ಅಳೆಯುವರು. ಮೊಳವೆಂದರೆ ಎಷ್ಟು ಎಂದು ನಮ್ಮ ವಿದ್ಯಾರ್ಥಿಯೊಬ್ಬ ಕೇಳಿದ. ಹೂ ಮಾರುವಾಕೆ ಮೊಣಕೈಯಿಂದ ಬೆರಳ ತುದಿಯವರೆಗೆ ದಂಡೆಯನ್ನು ಎಳೆದು, ‘ನನ್ನ ಕೈಯಷ್ಟು’ ಎಂದಳು. ‘ನಿಮ್ಮ ಕೈ ಚಿಕ್ಕದಾದರೆ?’ ಎಂದು ಅವನು ಬಿಡದೆ ಕೇಳಿದ. ‘ಅದಕ್ಕೇ ಮೇಲೆ ಒಂದು ಗೇಣು ಕೊಸರು ಕೊಡುವುದು’ ಎಂದು ಆಕೆ ನಕ್ಕಳು. ಕೊಸರು ಎಂಬ ಮಾತು ನಮ್ಮ ಹುಡುಗರಲ್ಲಿ ಹಲವರಿಗೆ ಹೊಸದು. ಅಳತೆಯ ಆಚೆಗೆ ಪ್ರೀತಿಗಾಗಿ ಕೊಡುವ ಅಷ್ಟಕ್ಕೆ ಒಂದು ಹೆಸರಿರುವ ಭಾಷೆ ತಮ್ಮದೆಂದು ಅವರು ಅಂದು ಅಂಗಡಿಯ ಮುಂದೆ ನಿಂತು ತಿಳಿದರು.

ಆಗ ನಮ್ಮ ಗುಂಪಿನಲ್ಲಿ ಅದುವರೆಗೆ ಮಾತಾಡದೆ ಬರುತ್ತಿದ್ದ ಹುಡುಗಿಯೊಬ್ಬಳು ಹೂ ಕಟ್ಟುವ ಬಗೆಗಳನ್ನು ಹೇಳತೊಡಗಿದಳು. ಬಾಳೆನಾರನ್ನು ನೆನೆಸಿ ಸೀಳುವುದು ಹೇಗೆ, ಎರಡು ಎಸಳು ಈಚೆಗೆ ಎರಡು ಆಚೆಗೆ ಇಟ್ಟು ಗಂಟು ಬಿಗಿಯುವುದು ಹೇಗೆ, ದೇವರಿಗೆ ಕಟ್ಟುವ ಹಾರಕ್ಕೂ ಮುಡಿಗೆ ಕಟ್ಟುವ ದಂಡೆಗೂ ಭೇದವೇನು ಎಂಬುದೆಲ್ಲವೂ ಅವಳಿಗೆ ಕೈಯಲ್ಲಿಯೇ ತಿಳಿದಿತ್ತು. ಅವಳ ತಾಯಿ ಹೂ ಕಟ್ಟಿ ಮಾರಿ ಮಗಳನ್ನು ಎಂ.ಎ. ತರಗತಿಯವರೆಗೆ ಓದಿಸಿದವರೆಂಬುದು ನನಗೆ ತಿಳಿದದ್ದೂ ಆಗಲೇ. ಛಂದಸ್ಸಿನ ತರಗತಿಯಲ್ಲಿ ಗಣಗಳನ್ನು ಕಟ್ಟುವಾಗ ಹಿಂದಿನ ಬೆಂಚಿನಲ್ಲಿ ಮೌನವಾಗಿರುತ್ತಿದ್ದವಳು ಅಂದು ನಮಗೆಲ್ಲರಿಗೂ ಅಧ್ಯಾಪಕಿಯಾದಳು. ಕಾಯಕವನ್ನು ಕುರಿತು ನಾವು ತರಗತಿಯಲ್ಲಿ ಬಹಳ ಮಾತಾಡುತ್ತೇವೆ. ಅಂಬಿಗರ ಚೌಡಯ್ಯ, ಮಾದಾರ ಚೆನ್ನಯ್ಯ, ಆಯ್ದಕ್ಕಿ ಮಾರಯ್ಯ ಮುಂತಾದ ಶರಣರ ಹೆಸರಿನಲ್ಲಿಯೇ ಅವರ ಕಸುಬು ಸೇರಿಕೊಂಡಿದೆ ಎಂದು ಒತ್ತಿ ಹೇಳುತ್ತೇವೆ. ಆದರೆ ಆ ಮಾತನ್ನು ಕೇಳುತ್ತಿರುವ ಮಕ್ಕಳಲ್ಲಿ ಯಾರ ಮನೆಯ ಕಸುಬು ಯಾವುದೆಂದು ಕೇಳುವ ಅಭ್ಯಾಸ ನಮ್ಮ ಕಾಲೇಜುಗಳಿಗೆ ಇನ್ನೂ ಬಂದಿಲ್ಲ.

ಕೋಟೆಯ ಬಾಗಿಲು

ಮಾರುಕಟ್ಟೆಯ ಗದ್ದಲವನ್ನು ದಾಟಿ, ಅಮೃತಶಿಲೆಯ ಬೆಳ್ಪಿನಿಂದ ದೂರಕ್ಕೂ ಕಾಣುವ ಜಾಮಿಯಾ ಮಸೀದಿಯನ್ನು ನೋಡಿಕೊಂಡು ಕೋಟೆಗೆ ಬಂದೆವು. ಕೋಟೆಯೆಂದರೆ ಈಗ ಉಳಿದಿರುವುದು ದೆಹಲಿ ಬಾಗಿಲೂ ಅದರ ಆಚೀಚಿನ ಒಂದಿಷ್ಟು ಗೋಡೆಯೂ ಮಾತ್ರ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ್ದು ಮಣ್ಣಿನ ಕೋಟೆ. ಹೈದರಲಿ 1761ರಲ್ಲಿ ಅದನ್ನು ಕಲ್ಲಿನಿಂದ ಬಲಪಡಿಸಿದ. 1791ರ ಮಾರ್ಚ್ 7ರಂದು ಕಾರ್ನ್‌ವಾಲಿಸನ ಸೈನ್ಯ ಪೇಟೆಯನ್ನು ಹಿಡಿಯಿತು. 21ರ ರಾತ್ರಿ ಕೋಟೆಯೂ ಬಿದ್ದಿತು. ಗೋಡೆ ಒಡೆದ ಜಾಗವನ್ನು ಸೂಚಿಸುವ ಫಲಕ ಇಂದಿಗೂ ಇದೆ. ಗೆದ್ದವರು ತಮ್ಮ ನೆನಪಿಗೆ ಕಲ್ಲು ನೆಟ್ಟರು; ಆ ರಾತ್ರಿ ಕೋಟೆಯೊಳಗೆ ಮಡಿದವರ ಹೆಸರನ್ನು ಹೇಳುವ ಕಲ್ಲು ಯಾವುದೂ ಕಣ್ಣಿಗೆ ಬೀಳಲಿಲ್ಲ. ಮಡಿದ ವೀರನಿಗೆ ವೀರಗಲ್ಲು ನಿಲ್ಲಿಸುವುದು ಎಂಟು ನೂರು ವರ್ಷಗಳ ಹಿಂದೆ ಹಳ್ಳಿ ಹಳ್ಳಿಯ ಪದ್ಧತಿಯಾಗಿದ್ದ ನಾಡಿನಲ್ಲಿ ಹೀಗಾದುದು ಯೋಚಿಸತಕ್ಕ ವಿಷಯ.

ವೀರಗಲ್ಲಿನ ಮಾತು ಬಂದುದರಿಂದ ಒಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಕೋಟೆಯ ಬಾಗಿಲಲ್ಲಿ ನಿಂತು ನಮ್ಮ ಮಾರ್ಗದರ್ಶಕ ಎಲ್ಲರೂ ಬಲ್ಲ ಕಥೆಯನ್ನು ಹೇಳಿದ: ದಾರಿ ತಪ್ಪಿದ ವೀರಬಲ್ಲಾಳ, ಅವನಿಗೆ ಬೆಂದ ಕಾಳು ಕೊಟ್ಟ ಮುದುಕಿ, ಅದರಿಂದ ಬೆಂದಕಾಳೂರು, ಅದೇ ಬೆಂಗಳೂರು. ಕಥೆ ಚೆನ್ನಾಗಿದೆ, ಹಸಿದ ಅರಸನಿಗಿಂತ ಉಣಿಸಿದ ಮುದುಕಿಯೇ ದೊಡ್ಡವಳಾಗುವುದು ಅದರ ಸೊಗಸು. ಆದರೆ ಇಲ್ಲಿಂದ ತೆಂಕಣಕ್ಕೆ ಕೆಲವೇ ಮೈಲಿಗಳ ದೂರದಲ್ಲಿರುವ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ ಗಂಗರ ಕಾಲದ, ಸುಮಾರು 890ರ ಒಂದು ವೀರಗಲ್ಲಿದೆ. ಅದರಲ್ಲಿ ಬೆಂಗಳೂರ ಕಾಳಗದ ಪ್ರಸ್ತಾಪವಿದೆ. ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಮುದುಕಿ ಕಾಳು ಬೇಯಿಸುವುದಕ್ಕೆ ಮೂರು ಶತಮಾನ ಮುಂಚೆಯೇ ಊರಿಗೆ ಹೆಸರಿತ್ತು. ಇದನ್ನು ತಿಳಿಸಿದಾಗ ತರುಣ ಒಂದು ಗಳಿಗೆ ಸುಮ್ಮನಿದ್ದು, ‘ಇನ್ನು ಮೇಲೆ ಎರಡನ್ನೂ ಹೇಳುತ್ತೇನೆ, ಮೊದಲು ಮುದುಕಿ, ಆಮೇಲೆ ಕಲ್ಲು’ ಎಂದ. ಒಳ್ಳೆಯ ಅಧ್ಯಾಪಕ ಮಾಡಬೇಕಾದುದೂ ಅದನ್ನೇ. ಕಥೆಯನ್ನು ಕೊಲ್ಲಬಾರದು, ಅದನ್ನು ಇತಿಹಾಸದ ಪೀಠದಲ್ಲಿ ಕೂರಿಸಲೂ ಬಾರದು.

ಕೋಟೆಯ ಒಳಗಿದ್ದ ವೆಂಕಟರಮಣನ ಗುಡಿ ಚಿಕ್ಕದೇವರಾಜ ಒಡೆಯರ ಕಾಲದ್ದು, ಹದಿನೇಳನೆಯ ಶತಮಾನದ ಕೊನೆಯದು. ಅದರ ಮಗ್ಗುಲಲ್ಲಿಯೇ ಟೀಪುವಿನ ಬೇಸಗೆಯ ಅರಮನೆ. ಹೈದರಲಿ 1781ರಲ್ಲಿ ತೊಡಗಿದ್ದನ್ನು ಮಗ 1791ರಲ್ಲಿ ಮುಗಿಸಿದ. ತೇಗದ ಕಂಬಗಳ ಆ ಸೊಬಗಿನ ಚಾವಡಿ ಮುಂದೆ ಬ್ರಿಟಿಷರ ಕಾಲದಲ್ಲಿ ಕಚೇರಿಯಾಗಿ, ಅಠಾರಾ ಕಚೇರಿಯ ಕಟ್ಟಡ ಸಿದ್ಧವಾದ ಮೇಲೆ 1868ರಲ್ಲಿ ತೆರವಾಯಿತು. ಒಂದೇ ಗೋಡೆಯ ನೆರಳಿನಲ್ಲಿ ಒಡೆಯರ ದೇವರೂ ಸುಲ್ತಾನನ ದರ್ಬಾರೂ ನೆರೆಹೊರೆಯಾಗಿ ಬಾಳಿದುದನ್ನು ನೋಡಲು ಬಂದ ವಿದ್ಯಾರ್ಥಿಗಳಿಗೆ ನಾನು ಬೇರೆ ವ್ಯಾಖ್ಯಾನ ಮಾಡಲಿಲ್ಲ. ಗುಡಿಯಲ್ಲಿ ಗಂಟೆ ಬಾರಿಸುವುದು ಅರಮನೆಯ ಮೊಗಸಾಲೆಗೆ ಕೇಳುವಷ್ಟು ಹತ್ತಿರ. ಅಷ್ಟನ್ನು ಅವರ ಕಿವಿಯೇ ತಿಳಿಯಿತು.

ದೊಡ್ಡಪೇಟೆಯ ಬೀದಿ

ಅಲ್ಲಿಂದ ಬಡಗಲಾಗಿ ಅವೆನ್ಯೂ ರಸ್ತೆ. ಇದರ ನಿಜವಾದ ಹೆಸರು ದೊಡ್ಡಪೇಟೆ. ದೊಡ್ಡಪೇಟೆಯೂ ಚಿಕ್ಕಪೇಟೆಯೂ ಒಂದನ್ನೊಂದು ಕತ್ತರಿಸುವ ಚೌಕದಿಂದ ನಾಲ್ಕು ದಿಕ್ಕಿಗೂ ನೇಗಿಲು ಹೂಡಿದ ಎತ್ತುಗಳನ್ನು ಹೊಡೆಯಿಸಿ, ಆ ಸಾಲಿನ ಮೇಲೆ ಕೆಂಪೇಗೌಡರು ಬೀದಿಗಳನ್ನು ನಿರ್ಮಿಸಿದರೆಂದು ಐತಿಹ್ಯ. ಬೀದಿಗಳ ತುದಿಯಲ್ಲಿ ಊರಬಾಗಿಲುಗಳಿದ್ದುವು. ಬಾಗಿಲುಗಳು ಎಂದೋ ಹೋದುವು. ಅವುಗಳ ಹೆಸರು ಹೋಗಲಿಲ್ಲ. ಬಡಗಣ ತುದಿಯ ಹನುಮಂತನ ಗುಡಿಯನ್ನು ಇಂದಿಗೂ ಯಲಹಂಕ ಗೇಟಿನ ಆಂಜನೇಯನೆಂದೇ ಕರೆಯುವರು. ಮೂಡಣ ದಿಕ್ಕಿನಲ್ಲಿ ಹಲಸೂರು ಗೇಟು ಒಂದು ಪೊಲೀಸು ಠಾಣೆಯ ಹೆಸರಾಗಿ ಬದುಕಿದೆ. ಕಲ್ಲಿಗಿಂತ ಮಾತು ಗಟ್ಟಿಯೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಹಳೆಯ ಪುಸ್ತಕಗಳ ಅಂಗಡಿಗಳಿಗಾಗಿ ಈ ಬೀದಿ ಹೆಸರಾದುದು. ವಿದ್ಯಾರ್ಥಿ ದೆಸೆಯಲ್ಲಿ ಇಲ್ಲಿ ಅರ್ಧಬೆಲೆಗೆ ಪಠ್ಯಪುಸ್ತಕ ಕೊಳ್ಳದವರು ನಮ್ಮ ಊರಿನ ಅಧ್ಯಾಪಕರಲ್ಲಿ ವಿರಳ. ಈಗ ಪುಸ್ತಕದ ರಾಶಿಗಳಲ್ಲಿ ಪ್ರವೇಶ ಪರೀಕ್ಷೆಗಳ ಕೈಪಿಡಿಗಳೇ ಹೆಚ್ಚು. ಆದರೂ ಅಡಿಯಿಂದ ಎಳೆದರೆ ಯಾವುದೋ ಮುರಿದ ಬೆನ್ನಿನ ಕಾವ್ಯಸಂಗ್ರಹ, ಯಾರೋ ಪೆನ್ಸಿಲಿನಲ್ಲಿ ಅರ್ಥ ಬರೆದುಕೊಂಡ ಗದುಗಿನ ಭಾರತ ಸಿಕ್ಕುವುದುಂಟು.

ಇದೇ ಬೀದಿಯಲ್ಲಿ ರೈಸ್ ಸ್ಮಾರಕ ಚರ್ಚು ಇದೆ. ಸುತ್ತಲೂ ಮಳಿಗೆಗಳು ಒತ್ತಿಕೊಂಡು, ಬೀದಿಯಲ್ಲಿ ತಳ್ಳುಗಾಡಿಗಳು ಸಾಲುಗಟ್ಟಿ, ಗೊತ್ತಿಲ್ಲದವರು ಅದರ ಕಂಬಗಳನ್ನು ನೋಡದೆಯೇ ಮುಂದೆ ಹೋಗುವಂತಿದೆ. ಆದರೆ ಕನ್ನಡ ಓದುವವನು ಅಲ್ಲಿ ಒಂದು ಗಳಿಗೆ ನಿಂತು ಹೋಗಬೇಕು. ಲಂಡನ್ ಮಿಷನ್ನಿನ ಬೆಂಜಮಿನ್ ಹೋಲ್ಟ್ ರೈಸ್ ಅವರ ನೆನಪಿನ ಚರ್ಚು ಅದು. ಅವರು ಕನ್ನಡವನ್ನು ಚೆನ್ನಾಗಿ ಕಲಿತು ಇಲ್ಲಿಯೇ ದುಡಿದವರು. ಅವರ ಮಗ 1837ರಲ್ಲಿ ಇದೇ ಬೆಂಗಳೂರಿನಲ್ಲಿ ಹುಟ್ಟಿದ ಬಿ. ಎಲ್. ರೈಸ್; ಊರೂರು ತಿರುಗಿ ಸಾವಿರಾರು ಶಾಸನಗಳನ್ನು ಓದಿಸಿ, ಪ್ರತಿಮಾಡಿಸಿ, ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಅಚ್ಚು ಮಾಡಿಸಿದವರು. ಆ ಸಂಪುಟಗಳಿಲ್ಲದಿದ್ದರೆ ಕರ್ನಾಟಕದ ಇತಿಹಾಸವೂ ಕನ್ನಡ ಭಾಷೆಯ ಚರಿತ್ರೆಯೂ ಬರೆಯಲಾಗುತ್ತಿರಲಿಲ್ಲವೆಂದರೆ ಅತಿಶಯೋಕ್ತಿಯಲ್ಲ. ತಂದೆ ಬಂದುದು ಧರ್ಮಪ್ರಸಾರಕ್ಕೆ. ಮಗ ಬಾಳು ಸವೆಸಿದುದು ನಮ್ಮ ಬಸದಿ ಗುಡಿಗಳ ಕಲ್ಲುಗಳನ್ನು ಓದುವುದಕ್ಕೆ. ಭಾಷೆ ತನ್ನ ಕೆಲಸಕ್ಕೆ ಯಾರನ್ನು ಆರಿಸಿಕೊಳ್ಳುವುದೆಂದು ಮುಂಚಿತವಾಗಿ ಹೇಳುವುದು ಸಾಧ್ಯವಿಲ್ಲ.

ಹೆಸರುಗಳೇ ಶಾಸನ

ರೈಸರು ಕಲ್ಲಿನ ಶಾಸನಗಳನ್ನು ಕೂಡಿಹಾಕಿದರು. ಪೇಟೆಯಲ್ಲಿ ಕಲ್ಲಿಲ್ಲದ ಶಾಸನಗಳೂ ಇವೆ. ಅವು ಇಲ್ಲಿಯ ಬೀದಿಗಳ ಹೆಸರುಗಳು. ಅರಳೆಪೇಟೆಯಲ್ಲಿ ಹತ್ತಿ, ಅಕ್ಕಿಪೇಟೆಯಲ್ಲಿ ಅಕ್ಕಿ, ರಾಗಿಪೇಟೆಯಲ್ಲಿ ರಾಗಿ, ಬಳೆಪೇಟೆಯಲ್ಲಿ ಬಳೆ. ಕುಂಬಾರಪೇಟೆ, ಗಾಣಿಗರಪೇಟೆ, ಗೊಲ್ಲರಪೇಟೆ, ಉಪ್ಪಾರಪೇಟೆ, ತಿಗಳರಪೇಟೆ, ನಗರ್ತಪೇಟೆ ಇವು ಜನರ ಹೆಸರನ್ನು ಹೊತ್ತವು. ತರಗು ಎಂದರೆ ದಲ್ಲಾಳಿತನ. ದವಸದ ದಲ್ಲಾಳಿಗಳು ಕೂಡಿದ್ದುದರಿಂದ ತರಗುಪೇಟೆ. ಸಗಟು ವ್ಯಾಪಾರದ ಬಹುಭಾಗ ಯಶವಂತಪುರದ ಪ್ರಾಂಗಣಕ್ಕೆ ಸರಿದುಹೋದರೂ ಹೆಸರು ಕದಲಿಲ್ಲ. ಕಬ್ಬನ್‌ಪೇಟೆಯಲ್ಲಿ ಕಮಿಷನರ್ ಮಾರ್ಕ್ ಕಬ್ಬನ್, ಅಂಚೆಪೇಟೆಯಲ್ಲಿ ಹಳೆಯ ಮೈಸೂರಿನ ಅಂಚೆ, ಕಿಲಾರಿ ರಸ್ತೆಯಲ್ಲಿ ದನ ಕಾಯುವವರು ನೆಲೆಸಿದ್ದಾರೆ. ತಾರಾಮಂಡಲಪೇಟೆಯ ಹೆಸರು ಟೀಪುವಿನ ಬಾಣಗಳಿಂದ, ಎಂದರೆ ಆಕಾಶಕ್ಕೆ ಚಿಮ್ಮುವ ಅಗ್ನಿಬಾಣಗಳಿಂದ ಬಂದಿತೆಂದು ಹೇಳುವರು. ಆ ಪೇಟೆಯಲ್ಲಿ ಸಂಗೀನ್ ಜಾಮಿಯಾ ಮಸೀದಿಯಿದೆ. ನಗರದ ಹಳೆಯ ಮಸೀದಿಗಳಲ್ಲಿ ಅದೊಂದು.

1800ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್ ಪೇಟೆಯ ನೇಯ್ಗೆಯವರನ್ನೂ ವ್ಯಾಪಾರದ ಸರಕುಗಳನ್ನೂ ವಿವರವಾಗಿ ಬರೆದಿಟ್ಟಿದ್ದಾನೆ. ಪಟ್ಟೆಗಾರರು, ಖತ್ರಿಗಳು, ದೇವಾಂಗದವರು, ತೊಗಟರು ಇವರೆಲ್ಲ ಅವನ ಪುಸ್ತಕದಲ್ಲಿದ್ದಾರೆ. ಕಾಳಗ ಮುಗಿದು ಒಂಬತ್ತು ವರ್ಷಗಳೊಳಗೆ ಮಗ್ಗಗಳು ಮತ್ತೆ ಆಡತೊಡಗಿದ್ದುವು. ಅರಸರು ಬಂದು ಹೋದರು. ಶಹಾಜಿ ಬಂದ, ಮೊಗಲರು ಬಂದರು, ಒಡೆಯರು ಬಂದರು, ಹೈದರ್ ಟೀಪು ಬಂದರು, ಕಂಪನಿ ಬಂದಿತು. ಪೇಟೆ ಮಾತ್ರ ಬೆಳಗಾದರೆ ಬಾಗಿಲು ತೆರೆಯಿತು.

ಹೆಸರುಗಳನ್ನು ಶಾಸನವೆಂದು ಕರೆದುದು ಅಲಂಕಾರಕ್ಕಲ್ಲ. ನಮ್ಮ ಹುಡುಗರಲ್ಲೊಬ್ಬ ದಾರಿಯುದ್ದಕ್ಕೂ ಫಲಕಗಳನ್ನು ಬರೆದುಕೊಳ್ಳುತ್ತ ಬಂದಿದ್ದ. ಒಂದೇ ಬೀದಿಗೆ ಫಲಕದಲ್ಲೊಂದು, ಅಂಗಡಿಯ ಬಿಲ್ಲಿನಲ್ಲೊಂದು, ಫೋನಿನ ನಕ್ಷೆಯಲ್ಲೊಂದು ಹೆಸರಿರುವುದನ್ನು ಅವನು ತೋರಿಸಿದ. ಅರಳೆ ಎಂಬ ಮಾತು ತಿಳಿಯದವನಿಗೆ ಅರಳೆಪೇಟೆ ಬರಿಯ ಶಬ್ದ. ಶಬ್ದ ಸವೆದರೆ ಯಾರೂ ಅಳುವುದಿಲ್ಲ. ದೊಡ್ಡಪೇಟೆ ಅವೆನ್ಯೂ ರಸ್ತೆಯಾದಾಗಲೂ ಯಾರೂ ಅಳಲಿಲ್ಲ. ಕಲ್ಲಿನ ಶಾಸನ ಒಡೆದರೆ ಚೂರುಗಳಾದರೂ ಸಿಕ್ಕುತ್ತವೆ. ಆಡುಮಾತಿನ ಶಾಸನ ಅಳಿದರೆ ಪುಡಿಯೂ ಉಳಿಯದು. ಇಂಥ ಹೆಸರುಗಳನ್ನು ಬಾಯಿಂದ ಬಾಯಿಗೆ ದಾಟಿಸುವ ಕೆಲಸವನ್ನು ಇಂದು ಕೈಗೊಂಡಿರುವವನು ವಿಶ್ವವಿದ್ಯಾಲಯದ ಪಂಡಿತನಲ್ಲ, ತಲೆಗಿಷ್ಟೆಂದು ಹಣ ತೆಗೆದುಕೊಂಡು ಬೀದಿ ತೋರಿಸುವ ತರುಣ. ಅವನನ್ನು ಹಗುರವಾಗಿ ಕಾಣುವುದು ನಮಗೆ ಒಪ್ಪುವ ಮಾತಲ್ಲ. ಅವನ ಕೈಗೆ ಸರಿಯಾದ ಸಾಮಗ್ರಿಯನ್ನು ಕೊಡುವುದು ನಮ್ಮ ಕರ್ತವ್ಯ.

ಕರಗದ ದಾರಿ

ಚೌಕದಿಂದ ಮೂಡಲಿಗೆ ತಿರುಗಿ ನಗರ್ತಪೇಟೆಯನ್ನು ದಾಟಿ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಾಲಯಕ್ಕೆ ಹೋದೆವು. ಚೈತ್ರ ಶುದ್ಧ ಹುಣ್ಣಿಮೆಯ ರಾತ್ರಿ ಇಲ್ಲಿಂದ ಕರಗ ಹೊರಡುವುದನ್ನು ಕಾಣದವನು ಬೆಂಗಳೂರನ್ನು ಕಂಡಂತಾಗದು. ತಿಗಳರೆಂದು ಹೆಸರಾದ ವಹ್ನಿಕುಲದ ಜನ, ತೋಟಗಾರಿಕೆಯಲ್ಲಿ ಪಳಗಿದವರು, ದ್ರೌಪದಿಯನ್ನು ಆದಿಶಕ್ತಿಯೆಂದು ಪೂಜಿಸುವರು. ತಿಮಿರಾಸುರನನ್ನು ಅಡಗಿಸಲು ದ್ರೌಪದಿ ವೀರಕುಮಾರರನ್ನು ಸೃಷ್ಟಿಸಿದಳೆಂದೂ, ಅವರನ್ನು ಅಗಲಿ ಹೋಗುವಾಗ ವರ್ಷಕ್ಕೊಮ್ಮೆ ಬಂದು ಕಾಣುವೆನೆಂದು ಮಾತು ಕೊಟ್ಟಳೆಂದೂ ಅವರ ನಂಬಿಕೆ. ನಾವು ಪಂಪನಲ್ಲಿ, ರನ್ನನಲ್ಲಿ, ಕುಮಾರವ್ಯಾಸನಲ್ಲಿ ದ್ರೌಪದಿಯನ್ನು ಓದುತ್ತೇವೆ. ಅಲ್ಲಿಯ ದ್ರೌಪದಿ ತನಗಾದ ಅವಮಾನಕ್ಕೆ ಪರಿಹಾರವನ್ನು ಪಾಂಡವರಿಂದ ಬೇಡುವವಳು. ಇಲ್ಲಿಯ ದ್ರೌಪದಿ ತಾನೇ ಸೈನ್ಯವನ್ನು ಸೃಷ್ಟಿಸುವವಳು. ಕವಿಗಳ ಭಾರತದ ಜೊತೆಗೆ ತೋಟಗಾರರ ಭಾರತವೂ ಒಂದಿದೆಯೆಂದು ತರಗತಿಯಲ್ಲಿ ಹೇಳತಕ್ಕುದು.

ಕರಗ ಹೊರುವಾತ ಗಂಡಸು. ಆ ರಾತ್ರಿ ಸೀರೆಯುಟ್ಟು, ಬಳೆ ತೊಟ್ಟು, ದೇವಿಯಾಗುವನು. ತಲೆಯ ಮೇಲಿನ ಕರಗವನ್ನು ಗೋಪುರದಂತೆ ಮಲ್ಲಿಗೆ ಮುಚ್ಚಿರುವುದು. ಸುತ್ತಲೂ ಕತ್ತಿ ಹಿಡಿದ ವೀರಕುಮಾರರು. ಬಾಯಿ ತುಂಬ ಗೋವಿಂದನಾಮ. ಮಾರುಕಟ್ಟೆಯಲ್ಲಿ ಬೆಳಗ್ಗೆ ನಾವು ಕಂಡ ಮಲ್ಲಿಗೆಯ ರಾಶಿಗಳು ಹೊತ್ತಿಗೊಂದು ಎತ್ತರ ಪಡೆಯುವುದಾದರೆ ಅದು ಆ ರಾತ್ರಿ. ಮೆರವಣಿಗೆ ಪೇಟೆಯ ಬೀದಿ ಬೀದಿಯನ್ನೂ ಸುತ್ತಿ, ಗುಡಿಗಳ ಮುಂದೆ, ಮಂಡಿಗಳ ಮುಂದೆ ಪೂಜೆ ಪಡೆದು, ಬೆಳಕು ಹರಿಯುವಾಗ ಹಿಂದಿರುಗುವುದು. ಸತ್ಯವಾಗಿಯೂ ಅದು ಇಡಿಯ ಪೇಟೆಗೆ ದೇವಿ ಬರುವ ಪ್ರದಕ್ಷಿಣೆ.

ಆ ಮೆರವಣಿಗೆಯ ಹಾದಿಯ ಒಂದು ಎಳೆಯನ್ನು ಹಿಡಿದು ನಾವು ಪಡುವಲಿಗೆ ನಡೆದೆವು. ಚಿಕ್ಕಪೇಟೆಯ ರೇಷ್ಮೆಯಂಗಡಿಗಳು, ಅವುಗಳ ನಡುವೆ ಆದಿನಾಥನ ಶ್ವೇತಾಂಬರ ಬಸದಿ, ವಿಜಯನಗರದ ಶೈಲಿಯ ಕಂಬಗಳುಳ್ಳ ರಂಗನಾಥನ ಗುಡಿ ಕಳೆದುವು. ಬಳೆಪೇಟೆಯಲ್ಲಿ ಬಳೆಗಿಂತ ವೀಣೆ, ತಬಲ, ಹಾರ್ಮೋನಿಯಂಗಳ ಅಂಗಡಿಗಳೇ ಕಣ್ಣಿಗೆ ಬೀಳುವುವು. ಯಾವನೋ ತಂಬೂರಿಯ ಶ್ರುತಿ ಮಾಡುತ್ತಿದ್ದುದು ವಾಹನಗಳ ಕೂಗಿನಲ್ಲಿಯೂ ಕೇಳಿಸಿತು. ಮುಂದೆ ಕಾಟನ್‌ಪೇಟೆ. ಅಲ್ಲಿ ಹಜರತ್ ತವಕ್ಕಲ್ ಮಸ್ತಾನರ ದರ್ಗಾ ಇದೆ. ಹೈದರಲಿಯ ಕಾಲದ ಸಂತರೆಂದು ಪ್ರತೀತಿ. ಕರಗ ಹೊತ್ತ ದೇವಿ ವರ್ಷಕ್ಕೊಮ್ಮೆ ಈ ಹೊಸ್ತಿಲಿಗೆ ಬರುವಳು. ದರ್ಗಾದವರು ಅವಳನ್ನು ಸ್ವಾಗತಿಸುವರು. ಇದಕ್ಕೆ ಕಾರಣ ಹೇಳುವ ಕಥೆಗಳು ಒಂದಲ್ಲ, ಹಲವು. ಕಥೆಗಳು ಬೇರೆ ಬೇರೆಯಾದರೂ ನಡೆಯುವ ಕಾಲು ತಪ್ಪದೆ ಅಲ್ಲಿಗೇ ಬರುವುದು.

2022ರಲ್ಲಿ ಈ ಭೇಟಿ ನಿಲ್ಲಬೇಕೆಂಬ ಒತ್ತಾಯ ಕೆಲವರಿಂದ ಕೇಳಿಬಂದಿತು. ನಾಡಿನಲ್ಲಿ ಆಗ ಬೇರೆ ಬೇರೆ ಕಾರಣಗಳಿಗಾಗಿ ಮನಸ್ಸುಗಳು ಕದಡಿದ್ದ ಕಾಲ. ಹಿಂದಿನಿಂದ ಬಂದ ಸಂಪ್ರದಾಯವನ್ನು ಬಿಡುವುದಿಲ್ಲವೆಂದು ದೇವಾಲಯದವರು ಹೇಳಿದರು. ದರ್ಗಾದ ಕಡೆಯವರು ಎಂದಿನಂತೆ ಬರಬೇಕೆಂದು ಕರೆದರು. ಆ ವರ್ಷದ ಏಪ್ರಿಲಿನಲ್ಲಿ ಕರಗ ಎಂದಿನಂತೆಯೇ ಹೋಯಿತು. ಪತ್ರಿಕೆಗಳಿಗೆ ಅದು ಎರಡು ದಿನದ ಸುದ್ದಿ. ಪೇಟೆಗೆ ಸುದ್ದಿಯೇ ಅಲ್ಲ. ದಾರಿಯಲ್ಲಿ ನಡೆಯುವವರು ದಾರಿಯಲ್ಲಿ ನಡೆದರು, ಅಷ್ಟೆ. ಆದರೆ ನನಗೆ ಅದರಲ್ಲಿ ಒಂದು ಗಂಭೀರವಾದ ಪಾಠ ತೋರುತ್ತದೆ. ಸೌಹಾರ್ದವೆಂಬ ಮಾತನ್ನು ನಾವು ಭಾಷಣದಲ್ಲಿ ಬಹಳ ಬಳಸಿ ಸವೆಸಿದ್ದೇವೆ. ಅದು ಮನಸ್ಸಿನ ಭಾವನೆ ಮಾತ್ರವಾಗಿದ್ದಿದ್ದರೆ ಕದಡಿದ ಕಾಲದಲ್ಲಿ ಕರಗಿಹೋಗಬಹುದಾಗಿತ್ತು. ಪೇಟೆಯಲ್ಲಿ ಅದು ಭಾವನೆಯಲ್ಲ, ದಾರಿ. ಇಷ್ಟು ಹೆಜ್ಜೆ ನಡೆದು, ಈ ತಿರುವಿನಲ್ಲಿ ತಿರುಗಿ, ಈ ಹೊಸ್ತಿಲಲ್ಲಿ ನಿಲ್ಲಬೇಕೆಂದು ಕಾಲಿಗೆ ಕಲಿಸಿಟ್ಟ ವಿದ್ಯೆ. ಬುದ್ಧಿ ಸೋತಾಗ ಅಭ್ಯಾಸ ಕೈಹಿಡಿಯುವುದೆಂದು ಹಿರಿಯರು ಹೇಳುವುದು ಇದನ್ನೇ ಇರಬೇಕು.

ದರ್ಗಾದ ಅಂಗಳದಲ್ಲಿ ಹರಕೆ ಹೊತ್ತು ಬಂದವರಲ್ಲಿ ಹಣೆಗೆ ಕುಂಕುಮವಿಟ್ಟವರೂ ಇದ್ದರು, ಬುರುಖಾ ತೊಟ್ಟವರೂ ಇದ್ದರು. ಹೊರಗಿನ ಅಂಗಡಿಯಲ್ಲಿ ಮಲ್ಲಿಗೆಯ ಚಾದರ, ಊದುಬತ್ತಿ, ಸಕ್ಕರೆ ಮಾರುತ್ತಿದ್ದರು. ಹೂ ಬಲ್ಲ ನಮ್ಮ ಹುಡುಗಿ ಚಾದರದ ಹೆಣಿಗೆಯನ್ನು ಬೆರಳಿನಿಂದ ತಿರುವಿ ನೋಡಿ, ಗುಡಿಯ ಹಾರಕ್ಕೆ ಹಾಕುವ ಗಂಟೇ ಇದೂ ಎಂದು ತನ್ನ ಗೆಳತಿಗೆ ಹೇಳಿದಳು. ಕಟ್ಟಿದ ಕೈಗೆ ಹೂವು ಎಲ್ಲಿಗೆ ಹೋಗುವುದೆಂಬುದು ಬೇರೆಯಾದರೂ ಗಂಟು ಬೇರೆಯಲ್ಲ.

ಇಂಥ ನಡಿಗೆಗಳನ್ನು ವಿನೋದವೆಂದು ಮಾತ್ರ ಭಾವಿಸಬಾರದೆಂದು ಅಧ್ಯಾಪಕ ಮಿತ್ರರಲ್ಲಿ ನನ್ನ ವಿಜ್ಞಾಪನೆ. ಪ್ರತಿಯೊಂದು ಊರಿನಲ್ಲಿಯೂ ಒಂದು ಪೇಟೆಯುಂಟು. ಮೈಸೂರಿಗೆ ದೇವರಾಜ ಮಾರುಕಟ್ಟೆಯಿದೆ, ಚಿಕ್ಕ ಊರಿಗೆ ಸಂತೆಯ ಮಾಳವಾದರೂ ಇರುವುದು. ಅದರ ಬೀದಿಗಳ ಹೆಸರನ್ನು, ಅಳತೆಯ ಮಾತುಗಳನ್ನು, ಗುಡಿ ಮಸೀದಿ ಚರ್ಚುಗಳ ನಡುವಿನ ಹಾದಿಯನ್ನು ನಮ್ಮ ವಿದ್ಯಾರ್ಥಿಗಳು ನಡೆದು ಬರೆದುಕೊಳ್ಳಲಿ. ವರ್ಷಕ್ಕೊಂದು ಊರೆಂದರೂ ಹತ್ತು ವರ್ಷಗಳಲ್ಲಿ ಒಂದು ಜಿಲ್ಲೆಯ ಆಡುಮಾತಿನ ಶಾಸನಸಂಪುಟ ಸಿದ್ಧವಾದೀತು. ಕುದುರೆಯೇರಿ, ಗಾಡಿಯೇರಿ ಊರೂರು ಸುತ್ತಿದ ರೈಸರಿಗೆ ಇದ್ದುದಕ್ಕಿಂತ ಹೆಚ್ಚಿನ ಅನುಕೂಲ ನಮಗಿದೆ. ಅವರಿಗಿಲ್ಲದ ಮತ್ತೊಂದು ಬಲವೂ ನಮ್ಮ ತರಗತಿಯ ಹಿಂದಿನ 벤ಚಿನಲ್ಲಿ ಕುಳಿತಿದೆ. ಅದನ್ನು ಮಾತಾಡಿಸುವುದಕ್ಕೆ ಬೇಕಾದುದು ಒಂದು ಬೆಳಗಿನ ನಡಿಗೆ.